ಸ್ವಂತ ಹಣವಿಲ್ಲದೆ ಹಳೆಯ ಮನೆ ಕೊಂಡು ನವೀಕರಿಸಿ ಮಾರಲು ಹೊರಟವರ ಗಮನಕ್ಕೆ

ಮೈಸೂರಿನ ಅಗ್ರಹಾರದ ಅಡ್ಡರಸ್ತೆಯೊಂದರಲ್ಲಿದ್ದ ಹಳೆಯ ಮನೆಯನ್ನು 50 ಲಕ್ಷಕ್ಕೆ ಕೊಂಡು, 12 ಲಕ್ಷದಲ್ಲಿ ರಿಪೇರಿ ಮಾಡಿಸಿ, ಆರು ತಿಂಗಳೊಳಗೆ 80 ಲಕ್ಷಕ್ಕೆ ಮಾರಬಹುದೆಂದು ದಲ್ಲಾಳಿಯೊಬ್ಬರು 2023ರಲ್ಲಿ ಹೇಳಿದಾಗ ನನ್ನ ಬಳಿ ಇದ್ದದ್ದು 6 ಲಕ್ಷ ಮಾತ್ರ. "ನಿಮ್ಮ ದುಡ್ಡು ಯಾಕೆ ಸಾರ್, ಬ್ಯಾಂಕ್ ಕೊಡುತ್ತೆ" ಎಂದರು, ನಂಬಿದೆ. ಅದೇ ಮಾತನ್ನು ಈಗ ಬೇರೆಯವರಿಗೂ ಹೇಳುತ್ತಿದ್ದಾರೆಂದು ತಿಳಿದದ್ದರಿಂದ ನಡೆದದ್ದನ್ನು ಲೆಕ್ಕಸಮೇತ ಬರೆಯುತ್ತಿದ್ದೇನೆ.

30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ. 80ನ್ನು ಮೀರಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕಿನ ಮೌಲ್ಯಮಾಪಕರು ಆ ಮನೆಗೆ ಕಟ್ಟಿದ ಬೆಲೆ 45 ಲಕ್ಷವಾದ್ದರಿಂದ ನನಗೆ ಸಿಕ್ಕಿದ್ದು 36 ಲಕ್ಷ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, ಶೇ. 1ರ ನೋಂದಣಿ ಶುಲ್ಕ ಸೇರಿ 3.30 ಲಕ್ಷವನ್ನು ಕೈಯಿಂದಲೇ ಕಟ್ಟಬೇಕಾಯಿತು; 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2 ಆಗಿರುವುದರಿಂದ ಇಂದು ಇನ್ನೂ ಹೆಚ್ಚಾಗುತ್ತದೆ. ರಿಪೇರಿಯೂ ಸೇರಿ, ನನ್ನ 6 ಲಕ್ಷ ಹಾಕಿದ ಮೇಲೂ 23.30 ಲಕ್ಷ ಕೊರತೆ ಬಿತ್ತು. ಹೆಂಡತಿಯ ಒಡವೆ ಅಡವಿಟ್ಟು 5.30 ಲಕ್ಷ, ಪರ್ಸನಲ್ ಲೋನ್ 8 ಲಕ್ಷ, ಉಳಿದ 10 ಲಕ್ಷ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ವರ್ಷಕ್ಕೆ ಅದು ಶೇ. 36 ಆಗುತ್ತದೆಂದು ಲೆಕ್ಕ ಹಾಕುವಷ್ಟು ತಾಳ್ಮೆಯೂ ಆಗ ನನಗಿರಲಿಲ್ಲ. ನಮ್ಮಿಬ್ಬರ ಸಂಬಳ ಸೇರಿ 95 ಸಾವಿರ ಬರುತ್ತಿದ್ದ ಮನೆಯಿಂದ ಕಂತು, ಬಡ್ಡಿಗೆಂದೇ ತಿಂಗಳಿಗೆ 80 ಸಾವಿರ ಹೋಗತೊಡಗಿತು.

ಅದು ಮದ್ರಾಸ್ ತಾರಸಿಯ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಚಾವಣಿಯ ಮನೆ. ಹಿಂದಿನವರು ಹಾಕಿಸಿದ್ದ ಫಾಲ್ಸ್ ಸೀಲಿಂಗ್ ಬಿಚ್ಚಿದ ದಿನ ಮೇಸ್ತ್ರಿ, ತೇಗದ ತೊಲೆಯು ಗೋಡೆಯೊಳಗೆ ಸೇರುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ಅದು ಹಿಡಿಯವರೆಗೂ ಇಳಿಯಿತು, ಹೊರಗೆಳೆದಾಗ ಗೆದ್ದಲು ಮಣ್ಣು ಸುರಿಯಿತು. ಸುಣ್ಣದ ಗಾರೆಯ ಗೋಡೆಗೆ ಯಾರೋ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರಿಂದ ತೇವ ಹೊರಹೋಗಲಾರದೆ ಒಳಗೇ ನಿಂತು, ಆ ತೇವದಲ್ಲೇ ತೊಲೆಗಳ ತುದಿ ಕೊಳೆತಿದ್ದವು. ಕರಾರಿಗೆ ಮುಂಚೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲಿ ಚಾವಣಿಯ ಒಂದು ಮೂಲೆ ಬಿಚ್ಚಿಸಿ ನೋಡಿದ್ದರೆ ಸಾಕಿತ್ತು. 12 ಲಕ್ಷದ ಕೆಲಸ 21 ಲಕ್ಷಕ್ಕೆ ಏರಿತು, ಹೆಚ್ಚುವರಿ 9 ಲಕ್ಷಕ್ಕಾಗಿ ಮಂಡ್ಯದ ಕಡೆ ಅಪ್ಪ ಬಿಟ್ಟುಹೋಗಿದ್ದ ನಾಲೆ ಬಯಲಿನ ಗದ್ದೆ ಮಾರಿದೆವು.

ಈ ನಡುವೆ ಒಂದು ತಿಂಗಳು ಬಡ್ಡಿ ತಡವಾದಾಗ ಕೈಸಾಲ ಕೊಟ್ಟವರು, ಭದ್ರತೆಗೆಂದು ನಾನು ಸಹಿ ಹಾಕಿ ಕೊಟ್ಟಿದ್ದ ಖಾಲಿ ಚೆಕ್‌ನಲ್ಲಿ 15 ಲಕ್ಷ ಬರೆದು ಬ್ಯಾಂಕಿಗೆ ಹಾಕುವುದಾಗಿ ಹೇಳಿದರು. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸವಾಗಬಹುದು. ದಯವಿಟ್ಟು ಯಾರಿಗೂ, ಎಷ್ಟೇ ಪರಿಚಯದವರಿಗೂ, ಖಾಲಿ ಚೆಕ್ ಕೊಡಬೇಡಿ.

ಮಾರಾಟವೂ ಸಲೀಸಾಗಲಿಲ್ಲ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಕಡ್ಡಾಯವಾಯಿತು. ಹಿತ್ತಿಲ ಕಡೆಯ ಕೋಣೆಗಳಿಗೆ ಮಂಜೂರಾದ ನಕ್ಷೆ ಇಲ್ಲ, ಖಾತೆಯ ಅಳತೆಯೂ ತಾಳೆಯಾಗುವುದಿಲ್ಲ ಎಂಬ ಕಾರಣಕ್ಕೆ ಮೊದಲು ಒಪ್ಪಿದ್ದವರಿಗೆ ಅವರ ಬ್ಯಾಂಕ್ ಸಾಲ ನಿರಾಕರಿಸಿತು. ಹತ್ತೊಂಬತ್ತನೇ ತಿಂಗಳಲ್ಲಿ 74 ಲಕ್ಷಕ್ಕೆ ಕೊಟ್ಟೆವು. ಮನೆಗೆ ಹಾಕಿದ ಅಸಲೇ 74.30 ಲಕ್ಷ, ಅದರ ಮೇಲೆ ಕಟ್ಟಿದ ಬಡ್ಡಿ ಸುಮಾರು 13 ಲಕ್ಷ.

ಬ್ಯಾಂಕ್ ಕೇಳುವ ಶೇ. 20ರ ಸ್ವಂತ ಪಾಲನ್ನು ನಾನು ಅಡ್ಡಿಯೆಂದು ಭಾವಿಸಿ ಸಾಲದಿಂದಲೇ ತುಂಬಿದೆ. ಕೆಲಸ ತಡವಾದಾಗ ತಡೆದುಕೊಳ್ಳಲು ಬೇಕಾದದ್ದು ಆ ಹಣವೇ ಆಗಿತ್ತು. ಆ ಪಾಲು, ನೋಂದಣಿ ಖರ್ಚು ಮತ್ತು ಕನಿಷ್ಠ ಒಂದು ವರ್ಷದ ಕಂತು ನಿಮ್ಮದೇ ಹಣವಾಗಿ ಖಾತೆಯಲ್ಲಿ ಇಲ್ಲದಿದ್ದರೆ ಮುಂಗಡ ಕೊಡಬೇಡಿ. ಸಾಲಗಳೆಲ್ಲ ತೀರಿವೆ, ಒಡವೆ ಬಿಡಿಸಿಕೊಂಡಿದ್ದೇವೆ. ಗದ್ದೆಯ ಪಹಣಿಯಲ್ಲಿ ಈಗ ಬೇರೆಯವರ ಹೆಸರಿದೆ.