ಶಾಲೆ ಕೊಟ್ಟ ವಿಳಾಸದಲ್ಲೇ ಮಗುವಿನ ಅಸೆಸ್‌ಮೆಂಟ್ ಮಾಡಿಸುವ ಮುನ್ನ ಇದನ್ನು ಓದಿ

'ನಿಮ್ಮ ಮಗು ಬೋರ್ಡ್ ನೋಡಿ ಬರೆಯಲ್ಲ, ಕರೆದರೆ ತಿರುಗಲ್ಲ, ಒಂದು ಕಡೆ ಕೂರಲ್ಲ. ಅಸೆಸ್‌ಮೆಂಟ್ ಮಾಡಿಸ್ಕೊಂಡು ಬನ್ನಿ' ಎಂದು ಶಾಲೆಯವರು ಮಕ್ಕಳ ಬುದ್ಧಿ, ಕಲಿಕೆ, ವರ್ತನೆ ಪರೀಕ್ಷಿಸುವ ಒಂದು ಸೆಂಟರ್‌ನ ಕಾರ್ಡ್ ಕೈಗಿಟ್ಟರೆ, ಗಾಬರಿಯಲ್ಲಿ ಮರುದಿನವೇ ಅಲ್ಲಿ ದುಡ್ಡು ಕಟ್ಟಬೇಡಿ. ಬೆಂಗಳೂರಿನ ಒಂದು ಕುಟುಂಬಕ್ಕೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇವೆ.

ಹುಡುಗನಿಗೆ ಆರೂವರೆ ವರ್ಷ, ಎರಡನೇ ತರಗತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಸೆಂಟರ್‌ನಲ್ಲಿ ಒಂದೇ ಸಲ ಕೂರಿಸಿ, ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿಸಿದರು. ವರದಿಯಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಆಟಿಸಂ (ಒಡನಾಟ, ಸಂವಹನದಲ್ಲಿ ಭಿನ್ನತೆ) ಲಕ್ಷಣಗಳು, ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕದಲ್ಲಿ ತೊಡಕು) ಮೂರನ್ನೂ ಬರೆದು, ಕೆಳಗೆ ಐಕ್ಯೂ, ಅಂದರೆ ಬುದ್ಧಿಮಟ್ಟದ ಅಂಕ, 72 ಎಂದು ಹಾಕಿದ್ದರು. ಅದೇ ಮೇಜಿನ ಮೇಲೆ ಥೆರಪಿ ಪ್ಯಾಕೇಜಿನ ರಸೀದಿಯೂ ಸಿದ್ಧವಾಗಿತ್ತು: ಮೂರು ತಿಂಗಳ ಹಣ ಮುಂಗಡ, ವಾಪಸ್ ಇಲ್ಲ. ಕಟ್ಟಿದರು. ತಿಂಗಳುಗಳ ನಂತರ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಬಳಿ ಹೋದಾಗ ತಿಳಿದದ್ದು, ಮಗುವಿನ ಎರಡೂ ಕಿವಿಯ ಪೊರೆಯ ಹಿಂದೆ ನೀರು ತುಂಬಿಕೊಂಡಿದೆ ಎಂದು.

ಇದು ಅಪರೂಪದ ಸಂಗತಿಯೇನಲ್ಲ. ಪದೇ ಪದೇ ನೆಗಡಿಯಾಗುವ, ಮೂಗಿನ ಹಿಂದಿರುವ ಅಡಿನಾಯ್ಡ್ ಅಂಗಾಂಶ ದಪ್ಪಗಾಗಿರುವ ಮಕ್ಕಳಲ್ಲಿ ಮಧ್ಯಕಿವಿಯಲ್ಲಿ ದ್ರವ ನಿಲ್ಲುತ್ತದೆ. ನೋವಿರುವುದಿಲ್ಲ, ಆದ್ದರಿಂದ ಮಗು ಹೇಳುವುದೂ ಇಲ್ಲ. ಪೂರ್ತಿ ಕಿವುಡಲ್ಲ, ಪಕ್ಕದಲ್ಲಿ ಕೂತು ಮಾತಾಡಿದರೆ ಕೇಳುತ್ತದೆ, ನಲವತ್ತು ಮಕ್ಕಳ ಗದ್ದಲದಲ್ಲಿ ಮಿಸ್ ಹೇಳಿದ್ದು ಕೇಳುವುದಿಲ್ಲ. ಕೆಲವು ವಾರ ಚೆನ್ನಾಗಿದ್ದು ಮತ್ತೆ ಕಡಿಮೆಯಾಗುವುದೂ ಉಂಟು. ಅದಕ್ಕೇ 'ಬೇಕಾದಾಗ ಕೇಳಿಸಿಕೊಳ್ತಾನೆ' ಎಂಬ ಅಪವಾದ ಬರುತ್ತದೆ. ಅಂಥ ಮಗು ಗೊರಕೆ ಹೊಡೆಯುತ್ತಾ, ಬಾಯಿ ತೆರೆದು ಮಲಗುತ್ತಿದ್ದರೆ ನಿದ್ದೆಯೂ ಕೆಟ್ಟು, ಹಗಲಿಡೀ ಚಡಪಡಿಸುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಥೇಟ್ ಎಡಿಎಚ್‌ಡಿ. ಹಾಗಾಗಿ ಮೊದಲ ಹೆಜ್ಜೆ ಮಕ್ಕಳ ವೈದ್ಯರು, ಆಮೇಲೆ ಶ್ರವಣ ಪರೀಕ್ಷೆ, ಜೊತೆಗೆ ಕಣ್ಣಿನ ಪರೀಕ್ಷೆ. ಶ್ರವಣಕ್ಕೆ ಪ್ಯೂರ್ ಟೋನ್ ಆಡಿಯೋಮೆಟ್ರಿ (ಎಷ್ಟು ಸಣ್ಣ ಸದ್ದು ಕೇಳುತ್ತದೆ ಎಂಬ ಪರೀಕ್ಷೆ), ಟಿಂಪನೋಮೆಟ್ರಿ (ಕಿವಿಪೊರೆ ಎಷ್ಟು ಅಲುಗುತ್ತದೆ ಎಂಬ ಪರೀಕ್ಷೆ) ಎರಡನ್ನೂ ಕೇಳಿ; ಪೊರೆಯ ಹಿಂದಿನ ದ್ರವ ಗೊತ್ತಾಗುವುದು ಎರಡನೆಯದರಲ್ಲಿ. ಮಗು ಆಗಾಗ ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತುಬಿಡುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿ. ಕೆಲವು ಬಗೆಯ ಫಿಟ್ಸ್ ಅಷ್ಟೇ ಮೌನವಾಗಿರುತ್ತದೆ.

ಇನ್ನು ಆ 72. ಪರೀಕ್ಷೆ ನಡೆದದ್ದು ಇಂಗ್ಲಿಷಿನಲ್ಲಿ. ಮನೆಮಾತು ಕನ್ನಡವಾದ ಮಗುವಿಗೆ ಇಂಗ್ಲಿಷಿನಲ್ಲಿ ಪದಗಳ ಅರ್ಥ ಕೇಳಿದರೆ ಅಳತೆಯಾಗುವುದು ಅದರ ಇಂಗ್ಲಿಷ್, ಬುದ್ಧಿಯಲ್ಲ. ಕನ್ನಡದಲ್ಲಿ ಪರೀಕ್ಷೆ ಮಾಡಬಲ್ಲವರನ್ನೇ ಕೇಳಿ ಹುಡುಕಿ. ಬಿನೆ–ಕಾಮತ್ ಪರೀಕ್ಷೆ ಹಳೆಯದಾದರೂ ಕನ್ನಡ, ಮರಾಠಿ ಮಕ್ಕಳನ್ನು ಮುಂದಿಟ್ಟುಕೊಂಡೇ ರೂಪಿಸಿದ್ದು. ಆರು ವರ್ಷ ದಾಟಿದವರಿಗೆ ಮಲಿನ್ ಮಾಪನ, ಅಂದರೆ ಮಿಸಿಕ್ ಕೂಡ ಬಳಕೆಯಲ್ಲಿದೆ. ಇನ್ನೊಂದು ಮೋಸ ಗಮನಿಸಿ: ಅಪ್ಪ ಅಮ್ಮನಿಗೆ ಪ್ರಶ್ನೆ ಕೇಳಿ ತುಂಬುವ ವೈನ್‌ಲ್ಯಾಂಡ್ ಮಾಪನದ ಎಸ್‌ಕ್ಯೂ (ಸಾಮಾಜಿಕ ಪ್ರೌಢತೆ) ಅಂಕವನ್ನೇ ಐಕ್ಯೂ ಎಂದು ಬರೆದುಕೊಡುತ್ತಾರೆ. ಅದು ಮಗುವಿನ ದೈನಂದಿನ ಸ್ವಾವಲಂಬನೆಯ ಅಳತೆ; ಊಟ, ಬಟ್ಟೆ, ಒಡನಾಟ. ಬುದ್ಧಿಮಟ್ಟವಲ್ಲ.

ಮೂರು ಹಣೆಪಟ್ಟಿಗಳಲ್ಲಿ ಕಲಿಕಾ ನ್ಯೂನತೆಯನ್ನು ಆರೂವರೆ ವರ್ಷಕ್ಕೆ ಖಚಿತವಾಗಿ ಹೇಳಲು ಬರುವುದೇ ಇಲ್ಲ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಅದರ ತಪಾಸಣೆಗೆ ಇಟ್ಟದ್ದು ಮೂರನೇ ತರಗತಿ ಅಥವಾ 8 ವರ್ಷ. ಅದಕ್ಕೂ ಮುಂಚೆ 'ಅಪಾಯದ ಸೂಚನೆ ಇದೆ' ಎನ್ನಬಹುದು, ಅಷ್ಟೇ. ಎಡಿಎಚ್‌ಡಿಗೆ ಲಕ್ಷಣಗಳು ಕನಿಷ್ಠ ಆರು ತಿಂಗಳಿನಿಂದ, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಇರಬೇಕು; ಆದ್ದರಿಂದ ಶಿಕ್ಷಕರು ತುಂಬಿದ ಪ್ರಶ್ನಾವಳಿ ಇಲ್ಲದ ವರದಿ ಅರ್ಧ ವರದಿ. ತರಗತಿಯಲ್ಲೇ ಚಿಕ್ಕ ಮಗುವನ್ನು ಒಂದು ವರ್ಷ ದೊಡ್ಡವರ ಜೊತೆ ತೂಗಿ ಚಂಚಲ ಎನ್ನುವುದೂ ನಡೆಯುತ್ತದೆ. ಆಟಿಸಂ ಇದೆಯೇ ಎಂದು ನೋಡಲು ಬೆಳವಣಿಗೆಯ ಪೂರ್ತಿ ಇತಿಹಾಸ ಕೇಳಬೇಕು, ಮಗು ಆಡುವುದನ್ನು ನೋಡಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ಬೆರಳಚ್ಚು ನೋಡಿ ಬುದ್ಧಿ ಹೇಳುತ್ತೇವೆ ಎನ್ನುವ ಕಡೆಗಂತೂ ಕಾಲಿಡಬೇಡಿ, ಅದಕ್ಕೆ ವಿಜ್ಞಾನದ ಆಧಾರವಿಲ್ಲ.

ದುಡ್ಡು ಹೋದದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಒಂದೇ ಐಕ್ಯೂ ಪರೀಕ್ಷೆಯನ್ನು ಕೆಲವೇ ತಿಂಗಳಲ್ಲಿ ಮತ್ತೆ ಮಾಡಿದರೆ ಅಭ್ಯಾಸಬಲದಿಂದ ಅಂಕ ಏರುತ್ತದೆ. ಹಾಗಾಗಿ ಅವಸರದಲ್ಲಿ ಮಾಡಿದ ಪರೀಕ್ಷೆ ಮುಂದಿನದನ್ನೂ ಕೆಡಿಸುತ್ತದೆ. ಹೊಸ ಕಡೆ ಹೋದಾಗ ಹಳೆಯ ವರದಿ ಬಚ್ಚಿಡಬೇಡಿ. ಯಾವ ಪರೀಕ್ಷೆ, ಯಾವ ದಿನಾಂಕ ಎಂದು ಮೊದಲೇ ಹೇಳಿ.

ಎಲ್ಲಿಗೆ ಹೋಗಬೇಕು? ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಅಂದರೆ ಡಿಇಐಸಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ನೋಡುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇವೆ. ಖಾಸಗಿಯಾದರೆ, ವರದಿಗೆ ಸಹಿ ಹಾಕುವ ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ನೋಡಿ. ಆ ನೋಂದಣಿಯ ಸಿಆರ್‌ಆರ್ ಸಂಖ್ಯೆ ಕೇಳಲು ಸಂಕೋಚ ಬೇಡ, ಪರಿಷತ್ತಿನ ಜಾಲತಾಣದಲ್ಲಿ ತಾಳೆ ನೋಡಬಹುದು. ಕೌನ್ಸೆಲಿಂಗ್ ಡಿಪ್ಲೊಮಾ ಇದಕ್ಕೆ ಸಾಲದು. ಹೋಗುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಪತ್ರ, ಮಗು ಯಾವಾಗ ನಡೆಯಿತು, ಯಾವಾಗ ಮಾತಾಡಿತು ಎಂಬ ಟಿಪ್ಪಣಿ, ಈ ವರ್ಷದ್ದೂ ಹಿಂದಿನ ವರ್ಷದ್ದೂ ನೋಟ್‌ಬುಕ್‌ಗಳು, ಶಿಕ್ಷಕರ ಪತ್ರ ಜೊತೆಗಿರಲಿ. ವರದಿಯಲ್ಲಿ ಪರೀಕ್ಷೆಯ ಹೆಸರು, ಭಾಷೆ, ಪ್ರತಿ ಉಪಪರೀಕ್ಷೆಯ ಅಂಕ, ಮಗು ಅಂದು ಹೇಗಿತ್ತು ಎಂಬುದು ಇಲ್ಲದಿದ್ದರೆ ಬರೆದು ಕೊಡಿ ಎಂದು ಅಲ್ಲೇ ಕೇಳಿ. ಥೆರಪಿ ಬೇಕೆಂದರೆ ಒಂದೊಂದು ಸೆಷನ್‌ಗೆ ಕಟ್ಟಿ, ಪ್ಯಾಕೇಜಿಗಲ್ಲ.

ಮೋಸದ ಭಯದಿಂದ 'ದೊಡ್ಡವನಾದ ಮೇಲೆ ಸರಿಹೋಗುತ್ತೆ' ಎಂದು ಕೈಕಟ್ಟಿ ಕೂರುವುದೂ ತಪ್ಪು. ಆ ಹುಡುಗನಿಗೆ ಕಿವಿ ಸರಿಯಾದ ಮೇಲೂ ಓದಿನಲ್ಲಿ ನೆರವು ಬೇಕಾಗಿದೆ. ಆ ನೆರವಿಗೆ ಯಾವ ವರದಿಯೂ ಬರುವವರೆಗೆ ಕಾಯಬೇಕಿಲ್ಲ: ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಕ್ರಮ ಕೈಗೊಳ್ಳುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 16ರಲ್ಲಿ ಶಾಲೆಯ ಮೇಲೇ ಇರುವ ಹೊಣೆ. ಮೊದಲ ಬೆಂಚು, ಬೋರ್ಡಿನಿಂದ ನಕಲು ಮಾಡುವ ಕೆಲಸಕ್ಕೆ ಹೆಚ್ಚು ಸಮಯ, ಒಂದು ಸಲಕ್ಕೆ ಒಂದೇ ಸೂಚನೆ; ಇಷ್ಟನ್ನು ಇಂದೇ ಪತ್ರದಲ್ಲಿ ಕೇಳಿ, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.