ಕೀಮೋ ಆದಮೇಲೆ ಕಾಲು ಜೋಮು: ನಡಿಗೆ, ಬ್ಯಾಂಡ್, ಒಂಟಿಕಾಲು, ನನಗೆ ಆಗಿ ಬಂದಿದ್ದು ಯಾವುದು?

ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೋ ಔಷಧಿ ಮುಗಿಯುವ ಹೊತ್ತಿಗೆ ನನ್ನ ಎರಡೂ ಪಾದ ಮರಗಟ್ಟಿದ್ದವು. ಚಪ್ಪಲಿ ಜಾರಿ ಹಿಂದೆ ಉಳಿದಿದ್ದು ನಾಲ್ಕು ಹೆಜ್ಜೆ ಆದಮೇಲೆ ಗೊತ್ತಾಗುತ್ತಿತ್ತು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಮೈ ವಾಲುತ್ತಿತ್ತು, ಒಂದು ಕೈಯಲ್ಲಿ ಸಿಂಕ್ ಹಿಡಿದುಕೊಂಡೇ ತೊಳೆಯಬೇಕಿತ್ತು. ಡಾಕ್ಟರು ಕೊಡುವ ಡುಲಾಕ್ಸೆಟಿನ್ ಮಾತ್ರೆ ನೋವಿಗೆ. ನನಗೆ ನೋವಿರಲಿಲ್ಲ, ನೆಲ ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ಹಾಗಾಗಿ ವ್ಯಾಯಾಮಕ್ಕೆ ಬಿದ್ದೆ.

ಮೊದಲು ನಡಿಗೆ. ಸುಸ್ತು ಕಡಿಮೆಯಾಯಿತು, ನಿದ್ದೆ ಬಂತು, ಅದೇನು ಸಣ್ಣದಲ್ಲ. ಆದರೆ ಪಾದದ ಮಟ್ಟಿಗೆ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಸಮನೆಲದಲ್ಲಿ ಕಣ್ಣೇ ದಾರಿ ನೋಡಿಕೊಳ್ಳುತ್ತದೆ, ಪಾದಕ್ಕೆ ಕೆಲಸವೇ ಇಲ್ಲ. ಕತ್ತಲಾದರೆ ಮತ್ತೆ ತಡವರಿಕೆ.

ಆಮೇಲೆ ರಬ್ಬರ್ ಬ್ಯಾಂಡನ್ನು ಪಾದಕ್ಕೆ ಸುತ್ತಿ ಎಳೆಯುವುದು. ಕಣಕಾಲಿಗೆ ಬಲ ಬಂತು, ಕಾಲೊರಸಿನ ಅಂಚಿಗೆ ಹೆಬ್ಬೆರಳು ತಾಗಿ ಮುಗ್ಗರಿಸುವುದು ನಿಂತಿತು. ಅಮೆರಿಕದಲ್ಲಿ 355 ಜನರಿಗೆ ಕೀಮೋ ನಡೆಯುವಾಗಲೇ 6 ವಾರ ನಡಿಗೆ ಮತ್ತು ಬ್ಯಾಂಡ್ ಎರಡನ್ನೂ ಮಾಡಿಸಿ ನೋಡಿದ್ದರು. ಮಾಡಿದವರಿಗೆ ಕೈಕಾಲಿನ ತೊಂದರೆ ಕಡಿಮೆ ಇತ್ತು ಎಂದು 2018ರಲ್ಲಿ ಬಂತು. ಅಂದರೆ ಎರಡನ್ನೂ ಬಿಡಬೇಡಿ.

ಆದರೆ ನನ್ನ ಪಾದವನ್ನು ನನಗೆ ಮರಳಿ ಕೊಟ್ಟಿದ್ದು ಸಮತೋಲನದ ವ್ಯಾಯಾಮ. ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಎದುರಿಗೆ ಕುರ್ಚಿ ಇಟ್ಟುಕೊಂಡು, ಬರಿಗಾಲಲ್ಲಿ ನಿಲ್ಲುವುದು. ಮೊದಲು ಎರಡೂ ಪಾದ ಜೋಡಿಸಿ, ಆಮೇಲೆ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಆಮೇಲೆ ಒಂಟಿಕಾಲಲ್ಲಿ, ಅದೂ ರೂಢಿಯಾದ ಮೇಲೆ ಮಡಿಚಿದ ಟವೆಲ್ ಮೇಲೆ. ಮೊದಲ ದಿನ 3 ಸೆಕೆಂಡ್ ನಿಂತೆ. ಕಣಕಾಲಿನ ಸುತ್ತ ಸಣ್ಣ ಸಣ್ಣ ಸ್ನಾಯುಗಳು ಪಟಪಟ ಅದುರುತ್ತಿದ್ದವು. ಆ ಅದುರುವಿಕೆಯೇ ಬೇಕಾಗಿರುವುದು, ನರ ಮತ್ತು ಸ್ನಾಯು ಮತ್ತೆ ಮಾತಾಡಲು ಕಲಿಯುವುದು ಅಲ್ಲೇ.

ಫಿಸಿಯೋ ಹತ್ತಿರ ಕಂಪಿಸುವ ಹಲಗೆಯ ಮೇಲೂ ಕೆಲವು ಸಲ ನಿಂತೆ. ನನಗೆ ಅಷ್ಟು ಹಿಡಿಸಲಿಲ್ಲ.

2024ರಲ್ಲಿ ಬಂದ ಜರ್ಮನಿಯ ಅಧ್ಯಯನ ಓದಿ ಹೊಟ್ಟೆ ಉರಿಯಿತು. ಆಕ್ಸಾಲಿಪ್ಲಾಟಿನ್ ಅಥವಾ ವಿಂಕಾ ಗುಂಪಿನ ಔಷಧಿ ತಗೊಳ್ಳುವವರು ಕೀಮೋ ಜೊತೆಗೇ ವಾರಕ್ಕೆ 2 ಸಲ ಇಂಥ ಸಮತೋಲನದ ವ್ಯಾಯಾಮ ಮಾಡಿದಾಗ ಸುಮಾರು 30% ಜನರಿಗೆ ನರದ ತೊಂದರೆ ಬಂತು, ಮಾಡದವರಲ್ಲಿ ಸುಮಾರು 70%. ನನ್ನ ಔಷಧಿ ಬೇರೆ, ನಿಜ. ಆದರೂ ಮೊದಲೇ ಯಾರಾದರೂ ಹೇಳಬಾರದಿತ್ತಾ? ಕೀಮೋ ಶುರುವಾಗುತ್ತಿರುವವರು ದಯವಿಟ್ಟು ಇವತ್ತೇ ನಿಮ್ಮ ಡಾಕ್ಟರನ್ನು ಕೇಳಿ.

ಬೆರಳ ತುದಿಯ ಜೋಮು ಇನ್ನೂ ಇದೆ. ಬಲಗಾಲಲ್ಲಿ 25 ಸೆಕೆಂಡ್, ಎಡಗಾಲಲ್ಲಿ 12 ನಿಲ್ಲುತ್ತೇನೆ. ಮುಖವನ್ನು ಎರಡೂ ಕೈಯಲ್ಲಿ ತೊಳೆಯುತ್ತೇನೆ.