ಕುರಿ ಹಿಕ್ಕೆ ಟೆಸ್ಟ್ ಮಾಡ್ತೀವಿ ಅಂತ ಬೈಕಲ್ಲಿ ಬರುವವರ ಬಗ್ಗೆ ಎಚ್ಚರ

ಚಳ್ಳಕೆರೆ, ಹಿರಿಯೂರು ಕಡೆಯ ಕುರಿ ಸಾಕುವವರು ದಯವಿಟ್ಟು ಪೂರ್ತಿ ಓದಿ. ಹೊಟ್ಟೆಯಲ್ಲಿ ಎಷ್ಟು ಜಂತುಹುಳ ಇದೆ ಅಂತ ಲೆಕ್ಕ ಕೊಡ್ತೀವಿ ಅಂತ ಒಬ್ಬ ರೊಪ್ಪದ ಹತ್ತಿರವೇ ಬರುತ್ತಾನೆ. ಕುರಿಗೆ ಇಷ್ಟು ಅಂತ ದುಡ್ಡು ಎಣಿಸಿಕೊಳ್ಳುತ್ತಾನೆ. ಕೊಡುವುದು ಸುಳ್ಳು ಚೀಟಿ. ಬರೀ ಸುಳ್ಳು.

ಮಳೆ ಬಿದ್ದ ಮೇಲೆ ನಮ್ಮ ಕುರಿ ಸೊರಗುತ್ತಿದ್ದವು. ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿ ಬಾವು ಬಂದಿತ್ತು. ರಕ್ತ ಹೀರುವ ಹುಳ ಜಾಸ್ತಿ ಆದರೆ ಹೀಗಾಗುತ್ತೆ, ನಿಮಗೂ ಗೊತ್ತಲ್ವಾ? ಅದಕ್ಕೇ ಟೆಸ್ಟ್ ಮಾಡಿಸಿದ್ದು. ಆ ಮನುಷ್ಯ ನೆಲದ ಮೇಲಿನ ಒಣ ಹಿಕ್ಕೆ ಗೋರಿ ಒಂದೇ ಕವರಿಗೆ ತುಂಬಿದ. "ಒಂದೊಂದು ಕುರಿದು ಬೇರೆ ತಗೊಳ್ಳಲ್ವಾ?" ಅಂದೆ. "ಎಲ್ಲಾ ಒಂದೇ ರೊಪ್ಪದ್ದಲ್ವಾ ಯಜಮಾನ್ರೆ" ಅಂದ.

ರಿಪೋರ್ಟ್ ಬಂದಾಗ ಒಂದೊಂದು ಕುರಿಗೂ ಬೇರೆ ಲೆಕ್ಕ! ಒಂದಕ್ಕೆ ಗ್ರಾಂ ಹಿಕ್ಕೆಗೆ ಹುಳದ 437 ಮೊಟ್ಟೆ, ಇನ್ನೊಂದಕ್ಕೆ 1183. ಕವರ್ ಒಂದೇ, ಲೆಕ್ಕ ಹತ್ತಾರು ಎಲ್ಲಿಂದ ಬಂತು? ಪಶು ಆಸ್ಪತ್ರೆ ಡಾಕ್ಟರಿಗೆ ತೋರಿಸಿದೆ. ಅವರು 437ರ ಸುತ್ತ ಪೆನ್ನಲ್ಲಿ ಗೆರೆ ಎಳೆದರು. ಚೀಟಿಯಲ್ಲಿ ಮೆಕ್‌ಮಾಸ್ಟರ್ ವಿಧಾನ ಅಂತ ಬರೆದಿತ್ತು. ಅದರಲ್ಲಿ 2 ಗ್ರಾಂ ಹಿಕ್ಕೆಯನ್ನು 28 ಮಿಲಿ ಗಟ್ಟಿ ಉಪ್ಪುನೀರಲ್ಲಿ ಕಲಸಿ, ಗಾಜಿನ ಪಟ್ಟಿಯ ಎರಡು ಚಿಕ್ಕ ಮನೆಯಲ್ಲಿ ತೇಲಿದ ಮೊಟ್ಟೆ ಎಣಿಸಿ 50ರಿಂದ ಗುಣಿಸುತ್ತಾರಂತೆ. 400 ಬರುತ್ತೆ, 450 ಬರುತ್ತೆ, 437 ಹೇಗೆ ಬರುತ್ತೆ ಅಂದರು. ಪಕ್ಕದಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮುಖ ಎತ್ತೋಕಾಗಲಿಲ್ಲ.

ಫೋನ್ ಮಾಡಿದೆ. "ಅದು ಕಂಪ್ಯೂಟರ್ ಲೆಕ್ಕ, ನಿಮಗೆ ಅರ್ಥ ಆಗಲ್ಲ" ಅಂದ. ನನಗೆ ಅರ್ಥ ಆಗಲ್ವಂತೆ! ಹುಟ್ಟಿದಾಗಿಂದ ಕುರಿ ಜೊತೆ ಇರುವವನು ನಾನು. ಮತ್ತೆ ಮಾಡಿದೆ. "ನಾವು ಕೊಟ್ಟ ಔಷಧಿ ಕುಡಿಸಿದ್ರಲ್ಲ, ಹುಳ ಸತ್ತಿರುತ್ತೆ ಬಿಡಿ" ಅಂದ. ಹುಳ ಸತ್ತಿಲ್ಲ. ನನ್ನ ಮರಿಗಳು ಸತ್ತವು. ಈಗ ಫೋನೇ ಎತ್ತುವುದಿಲ್ಲ.

ಟೆಸ್ಟ್ ಮಾಡಿಸಿ, ಬೇಡ ಅನ್ನಲ್ಲ. ಆದರೆ ಹಿಕ್ಕೆಯನ್ನು ಕುರಿಯ ಗುದದಿಂದಲೇ ಬಿಸಿಬಿಸಿ ತೆಗೆಯಬೇಕು. ಒಂದೊಂದಕ್ಕೂ ಬೇರೆ ಕವರ್, ಮೇಲೆ ಗುರುತು. ತಂಪಲ್ಲಿಟ್ಟು ಬೇಗ ಮುಟ್ಟಿಸಬೇಕು, ಇಲ್ಲದಿದ್ದರೆ ಮೊಟ್ಟೆ ಒಡೆದು ಮರಿಹುಳ ಆಗಿ ಲೆಕ್ಕ ತಪ್ಪುತ್ತೆ. ಔಷಧಿ ಕುಡಿಸಿದ 10ರಿಂದ 14 ದಿನಕ್ಕೆ ಮತ್ತೆ ಟೆಸ್ಟ್ ಮಾಡಿಸಿ. ಮೊಟ್ಟೆ ಲೆಕ್ಕ ಶೇ. 95ರಷ್ಟಾದರೂ ಇಳಿದಿರದಿದ್ದರೆ ಆ ಔಷಧಿಗೆ ಹುಳ ಬಗ್ಗುತ್ತಿಲ್ಲ ಅನ್ನೋ ಅನುಮಾನ ಇರಲಿ. ಇದನ್ನೆಲ್ಲ ಡಾಕ್ಟರು ಸುಮ್ನೆ ನಿಂತಲ್ಲೇ ಹೇಳಿದರು, ಒಂದು ಪೈಸೆ ಕೇಳಲಿಲ್ಲ.

ಚೀಟಿ ನನ್ನ ಹತ್ತಿರವೇ ಇದೆ. ನಿಮ್ಮಲ್ಲಿ ಯಾರಿಗಾದರೂ ಇಂಥದೇ ಚೀಟಿ ಕೊಟ್ಟಿದ್ದರೆ ಎಸೆಯಬೇಡಿ, ಹೇಳಿ. ಸೇರಿ ದೂರು ಕೊಡೋಣ.